ಆ್ಯಪ್ ಕಟ್ಟಿಸಬೇಕೇ, ಬ್ರೌಸರ್ ಸಾಕೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ, ಗುಡ್ಡ ಇಳಿದು ಹೋಗುವ ಊರೊಂದರಲ್ಲಿ ತಾಳಮದ್ದಳೆ ಸಂಘವೊಂದಿದೆ. ಅದರ ಕಾರ್ಯದರ್ಶಿಯಾಗಿರುವ ನಿವೃತ್ತ ಮಾಷ್ಟ್ರು ಕಳೆದ ವರ್ಷ, ಜಾಲತಾಣ, ಆ್ಯಪ್ ಕಟ್ಟಿಕೊಡುವ ನನ್ನ ಅಂಗಡಿಗೆ ಬಂದು ಕುಳಿತವರೇ, "ನಮಗೂ ಒಂದು ಆ್ಯಪ್ ಆಗ್ಬೇಕು ಮಾರಾಯಾ, ಎಷ್ಟಾಗ್ತದೆ ಹೇಳು" ಎಂದರು. ಅದರಲ್ಲಿ ಏನೇನು ಇರಬೇಕೆಂದು ಕೇಳಿದೆ. ಮುಂದಿನ ಕೂಟ ಎಲ್ಲಿ, ಯಾವ ಪ್ರಸಂಗ, ಭಾಗವತರು ಯಾರು, ಅರ್ಥಧಾರಿಗಳು ಯಾರು, ಜೊತೆಗೆ ಹಳೆಯ ಕೂಟಗಳ ಧ್ವನಿಮುದ್ರಣ, ಇಷ್ಟೇ ಅವರ ಬೇಡಿಕೆಯಾಗಿತ್ತು. ಅದೇ ತಿಂಗಳು ಅಡಿಕೆ ವ್ಯಾಪಾರಿಯೊಬ್ಬರೂ ಹಾಲಿನ ಸೊಸೈಟಿಯವರೂ ಖಾಸಗಿ ಶಾಲೆಯೊಂದರ ವ್ಯಾನಿನ ಉಸ್ತುವಾರಿ ನೋಡುವವರೂ ಇದೇ ಪ್ರಶ್ನೆಯನ್ನು ಹೊತ್ತು ಬಂದರು. ನಾಲ್ವರ ಬಾಯಲ್ಲೂ ಆ್ಯಪ್ ಎಂಬ ಒಂದೇ ಪದವಿತ್ತು. ಆದರೆ ಅವರಿಗೆ ಬೇಕಾಗಿದ್ದ ವಸ್ತು ಒಂದೇ ಆಗಿರಲಿಲ್ಲ. ಬಿಡಿಬಿಡಿಯಾಗಿ ಅವರಿಗೆ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಆಯ್ಕೆಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಬರಿಯ ಜಾಲತಾಣ. ಎರಡನೆಯದು ಬ್ರೌಸರಿನಲ್ಲೇ ತೆರೆದು, ಹೋಮ್ ಸ್ಕ್ರೀನಿನಲ್ಲಿ ಐಕಾನಾಗಿ ಕೂರುವ, ನೆಟ್ ಇಲ್ಲದಿದ್ದರೂ ಸ್ವಲ್ಪಮಟ್ಟಿಗೆ ಕೆಲಸ ಮಾಡುವ ವೆಬ್ ಆ್ಯಪ್. ತಂತ್ರಜ್ಞರು ಇದನ್ನು ಪ್ರೋಗ್ರೆಸಿವ್ ವೆಬ್ ಆ್ಯಪ್ ಅಥವಾ ಪಿಡಬ್ಲ್ಯುಎ ಎನ್ನುತ್ತಾರೆ. ಮೂರನೆಯದು ಅದೇ ಜಾಲತಾಣಕ್ಕೆ ಆ್ಯಪಿನ ಕವಚ ತೊಡಿಸಿ ಪ್ಲೇ ಸ್ಟೋರಿಗೆ ಕಳುಹಿಸುವುದು. ನಾಲ್ಕನೆಯದು ಆಂಡ್ರಾಯ್ಡ್ ಅಥವಾ ಐಫೋನಿಗೆಂದೇ ಬರೆದ ನೇಟಿವ್ ಆ್ಯಪ್. ಇವುಗಳ ಹೊರತಾಗಿ, ಸ್ಟೋರಿಲ್ಲದೆ ನೇರವಾಗಿ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳಬಹುದಾದ ಆ್ಯಪಿನ ಕಡತವನ್ನು, ಎಂದರೆ ಎಪಿಕೆಯನ್ನು, ವಾಟ್ಸ್ಆ್ಯಪಿನಲ್ಲಿ ಹಂಚುವ ನಮ್ಮೂರಿನ ದಾರಿಯೊಂದಿದೆ. ಅದರಿಂದ ನಾನು ಕೈ ಸುಟ್ಟುಕೊಂಡ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಅಳತೆಗೋಲು

ಬೆಲೆ ಕೇಳುವ ಮೊದಲು ಯಾವುದನ್ನು ಯಾವುದರಿಂದ ಅಳೆಯಬೇಕೆಂದು ಗೊತ್ತಿರಬೇಕು. ನಮ್ಮ ಕಡೆಗೆ ಮೊದಲ ಅಳತೆ ರೇಂಜ್. ಬೈಲಿನ ಮನೆಗಳಲ್ಲಿ ಫೋನು ಮಾತಾಡಲು ಅಂಗಳದ ತುದಿಗೆ ಬರಬೇಕಾಗುತ್ತದೆ; ಮಳೆಗಾಲದಲ್ಲಿ ಕರೆಂಟು ಹೋಗಿ ಹೆಚ್ಚು ಹೊತ್ತಾದರೆ ಟವರೂ ಮಲಗುತ್ತದೆ; ತಲಪಾಡಿ, ಪೆರ್ಲ ಕಡೆಯ ಗಡಿಯಲ್ಲಿ ಫೋನು ಒಮ್ಮೆ ಕೇರಳದ ಟವರನ್ನೂ ಇನ್ನೊಮ್ಮೆ ಕರ್ನಾಟಕದ ಟವರನ್ನೂ ಹಿಡಿಯುತ್ತಾ ನಡುವೆ ಎರಡನ್ನೂ ಬಿಡುತ್ತದೆ. ಆದ್ದರಿಂದ ಸಂಪರ್ಕ ಕಡಿದಾಗ ಏನು ಉಳಿಯುತ್ತದೆ ಎಂಬುದು ಇಲ್ಲಿ ಗೌಣ ಪ್ರಶ್ನೆಯಲ್ಲ.

ಎರಡನೆಯದು, ಬಳಸುವವರ ಕೈಯಲ್ಲಿ ಯಾವ ಫೋನಿದೆ ಎಂಬುದು. ಊರಿನಲ್ಲಿರುವವರದ್ದು ಹೆಚ್ಚಾಗಿ ಆಂಡ್ರಾಯ್ಡ್, ಅದರಲ್ಲೂ ಸ್ಟೋರೇಜ್ ತುಂಬಿ ತುಳುಕುವ ಹಳೆಯ ಫೋನು. ಗಲ್ಫಿನಲ್ಲಿರುವ ಮಗನದ್ದು ಐಫೋನು. ಸೊಸೈಟಿಯ ಕಚೇರಿಯಲ್ಲಿರುವುದು ವಿಂಡೋಸ್ ಕಂಪ್ಯೂಟರು. ಮೂರನೆಯದು, ಕೆಲಸಕ್ಕೆ ಫೋನಿನ ಯಾವ ಅಂಗ ಬೇಕೆಂಬುದು: ಕ್ಯಾಮೆರಾ ಸಾಕೇ, ಬ್ಲೂಟೂತ್ ಬೇಕೇ, ಫೋನು ಜೇಬಿನಲ್ಲಿದ್ದಾಗಲೂ ಅದು ಇರುವ ಜಾಗ ತಿಳಿಯುತ್ತಿರಬೇಕೇ. ನಾಲ್ಕನೆಯದು ಹಣ, ಆದರೆ ಮೊದಲ ವರ್ಷದ ಹಣಕ್ಕಿಂತಲೂ ಮೂರನೆಯ ವರ್ಷದ್ದು. ಐದನೆಯದು, ನಿಮಗೂ ನಿಮ್ಮ ಬಳಕೆದಾರರಿಗೂ ನಡುವಿನ ಗೇಟಿನ ಕೀಲಿ ಯಾರ ಕೈಯಲ್ಲಿದೆ ಎಂಬುದು.

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಆರನೆಯ ಅಳತೆಗೆ: ಯಾರೂ ಮುಟ್ಟದೆ ಬಿಟ್ಟರೆ ಅದು ಎಷ್ಟು ಕಾಲ ಬದುಕುತ್ತದೆ? ಇದು ವಿಚಿತ್ರವೆನಿಸಬಹುದು. ಆದರೆ ಊರಿನ ಸಂಘ, ವಾಚನಾಲಯ, ಭಜನಾ ಮಂದಿರಗಳಲ್ಲಿ ಒಬ್ಬ ಹುಡುಗನ ಉತ್ಸಾಹದಿಂದ ಇಂಥ ಕೆಲಸ ಶುರುವಾಗುತ್ತದೆ. ಎರಡು ವರ್ಷದಲ್ಲಿ ಆ ಹುಡುಗನಿಗೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಸಿಗುತ್ತದೆ. ಆಮೇಲೆ ಮೂರು ವರ್ಷ ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆ ಮೂರು ವರ್ಷಗಳನ್ನು ದಾಟುವ ಶಕ್ತಿ ನಾಲ್ಕು ಆಯ್ಕೆಗಳಿಗೂ ಸಮನಾಗಿಲ್ಲ.

ಬ್ರೌಸರಿಗೆ ಆ್ಯಪಿನ ಶಕ್ತಿ ಎಲ್ಲಿಂದ ಬಂತು

ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟದ್ದು 1993ರ ಏಪ್ರಿಲ್ 30ರಂದು. ಆಗ ಬ್ರೌಸರೆಂದರೆ ಬಹುಮಟ್ಟಿಗೆ ಓದುವ ಸಾಧನ. 1999ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟವನ್ನು ಮತ್ತೆ ತೆರೆಯದೆಯೇ ಸರ್ವರಿನಿಂದ, ಎಂದರೆ ಪುಟವನ್ನು ಇರಿಸಿರುವ ದೂರದ ಕಂಪ್ಯೂಟರಿನಿಂದ, ಮಾಹಿತಿ ತರಿಸಿಕೊಳ್ಳುವ ಉಪಾಯವೊಂದನ್ನು ಸೇರಿಸಿತು. 2004ರ ಜಿಮೇಲ್ ಮತ್ತು 2005ರ ಗೂಗಲ್ ಮ್ಯಾಪ್ಸ್ ಅದನ್ನು ಬಳಸಿದ ರೀತಿಯನ್ನು ಕಂಡ ಮೇಲೆ, ಪುಟವೂ ಪ್ರೋಗ್ರಾಮಿನಂತೆ ವರ್ತಿಸಬಲ್ಲದೆಂದು ಜಗತ್ತಿಗೆ ಮನವರಿಕೆಯಾಯಿತು. 2007ರಲ್ಲಿ ಐಫೋನು ಬಂದಾಗ ಸ್ಟೀವ್ ಜಾಬ್ಸ್ ಹೊರಗಿನ ತಂತ್ರಜ್ಞರಿಗೆ ತೋರಿಸಿದ್ದು ವೆಬ್ ಆ್ಯಪಿನ ದಾರಿಯನ್ನೇ ಎಂಬುದನ್ನು ಈಗ ಎಷ್ಟೋ ಮಂದಿ ಮರೆತಿದ್ದಾರೆ. ಆ್ಯಪ್ ಸ್ಟೋರ್ ಬಾಗಿಲು ತೆರೆದದ್ದು ಮರುವರ್ಷ, 2008ರ ಜುಲೈಯಲ್ಲಿ.

ಅಲ್ಲಿಂದ ಮುಂದೆ ಎರಡೂ ಕಡೆ ಎಡವಿದವರಿದ್ದಾರೆ. ವೆಬ್ ತಂತ್ರವನ್ನೇ ನಂಬಿ ಮೊಬೈಲ್ ಆ್ಯಪ್ ಕಟ್ಟಿದ್ದ ಫೇಸ್‌ಬುಕ್, ಅದು ನಿಧಾನವಾಯಿತೆಂದು 2012ರಲ್ಲಿ ನೇಟಿವಿಗೆ ಹೊರಳಿತು. ನೆಟ್ಟಿನಲ್ಲಿ ಬಟ್ಟೆ ಮಾರುವ ಮಿಂತ್ರಾ 2015ರ ಮೇ ತಿಂಗಳಲ್ಲಿ ಜಾಲತಾಣವನ್ನೇ ಮುಚ್ಚಿ, ಇನ್ನು ಆ್ಯಪ್ ಮಾತ್ರ ಎಂದಿತು. 2016ರ ಜೂನ್‌ನಲ್ಲಿ ಡೆಸ್ಕ್‌ಟಾಪ್ ಜಾಲತಾಣವನ್ನು ಮರಳಿ ತೆರೆಯಿತು. ಇಡೀ ಫೋನನ್ನೇ ವೆಬ್ಬಿನ ಮೇಲೆ ನಿಲ್ಲಿಸಲು ಹೊರಟ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ 2014ರಲ್ಲಿ ನಮ್ಮ ದೇಶದಲ್ಲೂ 1,999 ರೂಪಾಯಿಯ ಇಂಟೆಕ್ಸ್ ಫೋನಾಗಿ ಮಾರಾಟಕ್ಕೆ ಬಂದು, ಬೇಗನೆ ಮರೆಯಾಯಿತು. ಅದರ ಬೇರಿನಿಂದ ಚಿಗುರಿದ ಕೈಓಎಸ್ 2017ರ ಜಿಯೋಫೋನಿನಲ್ಲಿ ಕಾಣಿಸಿಕೊಂಡಿತು. ಇಷ್ಟು ದೊಡ್ಡವರೇ ಅತ್ತಿತ್ತ ಓಡಾಡಿರುವಾಗ ನಮ್ಮ ಮಾಷ್ಟ್ರು ಗೊಂದಲಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಬರಿಯ ಜಾಲತಾಣ

ಆರನೆಯ ಅಳತೆಯಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಬರೆದ ಸರಳ ಪುಟವೊಂದು ಇಂದಿನ ಬ್ರೌಸರಿನಲ್ಲಿ ತೆರೆಯುತ್ತದೆ. ಡೊಮೇನ್ ಹೆಸರಿಗೆ, ಎಂದರೆ ತಾಣದ ವಿಳಾಸಕ್ಕೆ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಕಟ್ಟುತ್ತಿದ್ದರೆ ಸಾಕು. ಬರಿಯ ಪುಟಗಳಷ್ಟೇ ಇರುವ ತಾಣವನ್ನು ಉಚಿತವಾಗಿ ಇರಿಸಿಕೊಳ್ಳುವ ಸೇವೆಗಳಿವೆ. ಸುರಕ್ಷತೆಯ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಉಚಿತವಾಗಿ ಕೊಡುತ್ತದೆ.

ಕನ್ನಡದ ದೃಷ್ಟಿಯಿಂದಲೂ ಇದಕ್ಕೆ ಬೆಲೆಯಿದೆ. ಪುಟದಲ್ಲಿರುವ ಕನ್ನಡ ಹುಡುಕಾಟಕ್ಕೆ ಸಿಗುತ್ತದೆ, ಬೆರಳಿಟ್ಟು ಆಯ್ದು ನಕಲಿಸಬಹುದು, ಎರಡು ಬೆರಳಿನಲ್ಲಿ ಎಳೆದು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಉಪಯೋಗವಿದೆ. ನಮ್ಮ ನೆರೆಯ ಅಕ್ಕ ಒಬ್ಬರಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಲಯಾಳಂನಲ್ಲಿ ಮಾತ್ರ ಇರುವ ಅರ್ಜಿಯ ಪುಟವನ್ನು ಕ್ರೋಮಿನಲ್ಲಿ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, ಅನುವಾದವನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಾರೆ. ಅನುವಾದ ಅಷ್ಟೇನೂ ಚೆನ್ನಾಗಿರುವುದಿಲ್ಲ. ಆದರೆ ಯಾವ ಕಲಮಿನಲ್ಲಿ ರೇಷನ್ ಕಾರ್ಡಿನ ಸಂಖ್ಯೆ, ಯಾವುದರಲ್ಲಿ ತಂದೆಯ ಹೆಸರು ಎಂದು ಗೊತ್ತಾಗುವಷ್ಟು ಇರುತ್ತದೆ. ಅದೇ ಅರ್ಜಿ ಆ್ಯಪಿನೊಳಗಿದ್ದರೆ ಅವರು ಸ್ಕ್ರೀನ್‌ಶಾಟ್ ತೆಗೆದು ಮಗಳಿಗೆ ಕಳುಹಿಸಬೇಕು.

ಕೊರತೆಯೂ ಸ್ಪಷ್ಟವೇ. ರೇಂಜ್ ಹೋದರೆ ಪುಟ ಹೋಯಿತು. ಜನರನ್ನು ಕರೆದು ಹೇಳುವ ದಾರಿ ಇದಕ್ಕಿಲ್ಲ. ಅವರೇ ನೆನಪಿಟ್ಟು ಬರಬೇಕು. ವಾಚನಾಲಯ, ಮನೆಯಲ್ಲೇ ಹೋಂಸ್ಟೇ ನಡೆಸುವವರು, ವರ್ಷಕ್ಕೊಮ್ಮೆ ಜಾತ್ರೆಯ ಆಮಂತ್ರಣ ಹಾಕುವ ದೇವಸ್ಥಾನ, ಇವರಿಗೆ ಇದಕ್ಕಿಂತ ಹೆಚ್ಚಿನದ್ದು ದುಂದು.

ಹೋಮ್ ಸ್ಕ್ರೀನಿಗೇರುವ ವೆಬ್ ಆ್ಯಪ್

ಇದರ ಗುಟ್ಟು ಸರ್ವಿಸ್ ವರ್ಕರ್ ಎಂಬ ಚಿಕ್ಕ ಪ್ರೋಗ್ರಾಮಿನಲ್ಲಿದೆ. ಮೊದಲ ಸಲ ಪುಟ ತೆರೆದಾಗ ಅದು ಫೋನಿನಲ್ಲಿ ಉಳಿದುಕೊಂಡು, ಬೇಕಾದ ಕಡತಗಳನ್ನು ತೆಗೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಪುಟ ಏನಾದರೂ ಕೇಳಿದರೆ, ನೆಟ್ ಇದ್ದರೆ ಅಲ್ಲಿಂದ ತರಿಸಿ ಕೊಡುತ್ತದೆ, ಇಲ್ಲದಿದ್ದರೆ ತನ್ನ ಸಂಗ್ರಹದಿಂದ ಕೊಡುತ್ತದೆ. ಮನೆಯ ಅಟ್ಟದಲ್ಲಿ ಮಳೆಗಾಲಕ್ಕೆಂದು ಸಾಮಾನು ಕೂಡಿಡುವ ಹಾಗೆಯೇ ಇದು. ಏನನ್ನು ಕೂಡಿಡಬೇಕೆಂದು ಮುಂಚಿತವಾಗಿ ಯೋಚಿಸಿರಬೇಕು ಅಷ್ಟೆ. ಕ್ರೋಮಿನಲ್ಲಿ ಇದು 2015ರಲ್ಲಿ ಬಂತು, ಐಫೋನಿಗೆ ಬರುವಾಗ 2018ರ ಮಾರ್ಚ್ ಆಯಿತು.

ಅಡಿಕೆ ವ್ಯಾಪಾರಿಗೆ ನಾನು ಮಾಡಿಕೊಟ್ಟದ್ದು ಇದನ್ನೇ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು, ಹೀಗೆ ಸಾಲಾಗಿ ಅಂದಂದಿನ ದರ; ಕೆಳಗೆ ಬೆಳೆಗಾರರ ಖಾತೆ. ಬೆಳಿಗ್ಗೆ ಪೇಟೆಗೆ ಬಂದಾಗ ಒಮ್ಮೆ ತೆರೆದಿದ್ದರೆ, ಸಂಜೆ ತೋಟದ ನೀರಿನ ಸುರಂಗದ ಬಳಿ ನಿಂತು ತೆರೆದಾಗಲೂ ಆ ಬೆಳಗಿನ ದರವೇ ಕಾಣುತ್ತದೆ. ಅದು ಯಾವ ಹೊತ್ತಿನ ದರ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಮೇಲೆಯೇ ಬರೆಯಬೇಕೆಂಬ ಪಾಠವನ್ನು ನಾನು ಮೊದಲ ವಾರದಲ್ಲೇ ಕಲಿತೆ. ಹಳೆಯ ದರವನ್ನು ಇಂದಿನದೆಂದು ತಿಳಿದ ಬೆಳೆಗಾರರೊಬ್ಬರು ಜೀಪಿನಲ್ಲಿ ಮೂರು ಗೋಣಿ ಹೇರಿಕೊಂಡು ಅಂಗಡಿಗೆ ಬಂದು, ಆಮೇಲೆ ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಆಂಡ್ರಾಯ್ಡಿನ ಕ್ರೋಮ್ ಇದನ್ನು ಹೆಚ್ಚುಕಡಿಮೆ ನಿಜವಾದ ಆ್ಯಪಿನಂತೆಯೇ ಫೋನಿನಲ್ಲಿ ಕೂರಿಸುತ್ತದೆ. ನೋಟಿಫಿಕೇಶನ್ ಕಳುಹಿಸಬಹುದು, ಕ್ಯಾಮೆರಾ, ಮೈಕು, ಜಿಪಿಎಸ್ ಕೇಳಬಹುದು, ತಪ್ಪು ಕಂಡರೆ ಸರ್ವರಿನಲ್ಲಿ ತಿದ್ದಿದರಾಯಿತು, ಮುಂದಿನ ಸಲ ನೆಟ್ ಸಿಕ್ಕಾಗ ಎಲ್ಲರಿಗೂ ಹೊಸತು ತಲುಪುತ್ತದೆ. ಕಚೇರಿಯ ಕಂಪ್ಯೂಟರಿನಲ್ಲೂ ಅದೇ, ದುಬೈಯ ಐಫೋನಿನಲ್ಲೂ ಅದೇ.

ಐಫೋನಿನ ಕಡೆಗೆ ಬಂದಾಗ ಸ್ವಲ್ಪ ಎಚ್ಚರ ಬೇಕು. ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳಿ ಎಂಬ ಸೂಚನೆ ಅಲ್ಲಿ ತಾನಾಗಿ ಬರುವುದಿಲ್ಲ. ಸಫಾರಿಯಲ್ಲಿ ಪುಟ ತೆರೆದು, ಬಾಣ ಮೇಲಕ್ಕೆ ಹಾರುವ ಚೌಕದ ಗುರುತನ್ನು ಒತ್ತಿ, ಪಟ್ಟಿಯನ್ನು ಕೆಳಗೆ ಸರಿಸಿ 'ಆ್ಯಡ್ ಟು ಹೋಮ್ ಸ್ಕ್ರೀನ್' ಎಂಬುದನ್ನು ಹುಡುಕಬೇಕು. ಮಾಷ್ಟ್ರ ಮಗ ಊರಿಗೆ ಬಂದಾಗ ಇದನ್ನು ನಾನೇ ಎದುರು ಕುಳಿತು ತೋರಿಸಬೇಕಾಯಿತು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅವನಿಗೂ ಅಂಥದ್ದೊಂದು ಇದೆಯೆಂದು ಗೊತ್ತಿರಲಿಲ್ಲ. ನೋಟಿಫಿಕೇಶನ್ 2023ರ ಮಾರ್ಚ್‌ನ ಐಓಎಸ್ 16.4ರಿಂದ ಬರುತ್ತದೆ, ಅದೂ ಹೀಗೆ ಹೋಮ್ ಸ್ಕ್ರೀನಿಗೆ ಸೇರಿಸಿದವರಿಗೆ ಮಾತ್ರ. ಸೇರಿಸದೆ ಸಫಾರಿಯಲ್ಲೇ ನೋಡುವವರು ಏಳು ದಿನ ಬ್ರೌಸರ್ ಬಳಸುತ್ತಾ ನಿಮ್ಮ ಪುಟದ ಕಡೆಗೆ ಬಾರದಿದ್ದರೆ, ಪುಟವು ಅವರ ಫೋನಿನಲ್ಲಿ ಕೂಡಿಟ್ಟದ್ದನ್ನೆಲ್ಲ ಸಫಾರಿ ಅಳಿಸಿಬಿಡುತ್ತದೆ. ಆಂಡ್ರಾಯ್ಡಿನಲ್ಲೂ ಯಾರಾದರೂ ಜಾಗ ಖಾಲಿ ಮಾಡುವ ಭರದಲ್ಲಿ ಬ್ರೌಸರಿನ ಮಾಹಿತಿಯನ್ನು ಅಳಿಸಿದರೆ ಅದೇ ಗತಿ. ಆದ್ದರಿಂದ ಲೆಕ್ಕಪತ್ರವನ್ನು ಫೋನಿನಲ್ಲಿ ಮಾತ್ರ ಇಡುವ ವೆಬ್ ಆ್ಯಪನ್ನು ಯಾರೂ ಕಟ್ಟಿಸಬಾರದು. ರೇಂಜ್ ಸಿಕ್ಕ ಕೂಡಲೇ ಸರ್ವರಿಗೆ ದಾಟಿಸುವ ವ್ಯವಸ್ಥೆ ಇರಲೇಬೇಕು.

ಗೇಟಿನ ವಿಷಯದಲ್ಲೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ವೆಬ್ ಯಾರ ಸ್ವತ್ತೂ ಅಲ್ಲವೆಂಬುದು ನಿಜ, ಆದರೆ ಬ್ರೌಸರಿಗೆ ಒಡೆಯರಿದ್ದಾರೆ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಎಲ್ಲದರ ಒಳಗಿರುವುದೂ ಗೂಗಲ್ ಮುಂದೆ ನಿಂತು ಬೆಳೆಸುವ ಕ್ರೋಮಿಯಮ್ ಎಂಬ ತಂತ್ರಾಂಶ. ನಮ್ಮ ದೇಶದ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಆ್ಯಪಲ್ಲಿನ ವೆಬ್‌ಕಿಟ್ ಎಂಬ ಎಂಜಿನ್. 2024ರ ಆರಂಭದಲ್ಲಿ ಯುರೋಪಿಯನ್ ಒಕ್ಕೂಟದ ಹೊಸ ಕಾನೂನಿನ ಕಾರಣ ಹೇಳಿ ಆ್ಯಪಲ್ ಅಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳನ್ನು ತೆಗೆದುಹಾಕಲು ಹೊರಟು, ವಿರೋಧ ಬಂದಾಗ ಮಾರ್ಚ್ ಮೊದಲ ದಿನ ಹಿಂದೆ ಸರಿಯಿತು. ಹಾಗಿದ್ದರೂ ವ್ಯತ್ಯಾಸ ಉಳಿಯುತ್ತದೆ: ಹೋಮ್ ಸ್ಕ್ರೀನಿನ ಸೌಲಭ್ಯ ಹೋದರೂ ಪುಟದ ವಿಳಾಸ ಹೋಗುವುದಿಲ್ಲ.

ಕವಚ ತೊಟ್ಟ ಜಾಲತಾಣ

ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಒಳಗಿರುವುದು ನಿಮ್ಮ ವೆಬ್ ಆ್ಯಪೇ; ಹೊರಗೆ ಪ್ಲೇ ಸ್ಟೋರಿಗೆ ಒಪ್ಪುವ ಅಂಗಿ. 2019ರಿಂದ ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ ಎಂಬ ಕ್ರಮಬದ್ಧ ದಾರಿಯಿದೆ, ಬಬಲ್‌ರ‍್ಯಾಪ್ ಎಂಬ ಉಚಿತ ಸಲಕರಣೆ ಈ ಅಂಗಿಯನ್ನು ಹೊಲಿದು ಕೊಡುತ್ತದೆ. "ಪ್ಲೇ ಸ್ಟೋರಿನಲ್ಲಿ ನಮ್ಮ ಹೆಸರು ಹಾಕಿದರೆ ಬರಬೇಕು" ಎಂಬ ಒಂದೇ ಆಸೆ ಇರುವವರಿಗೆ ಇದು ಕಡಿಮೆ ಖರ್ಚಿನ ಪರಿಹಾರ, ಮತ್ತು ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜನ ಈಗ ಹುಡುಕುವುದೇ ಅಲ್ಲಿ. ಆದರೆ ಐಫೋನಿಗೆ ಈ ಉಪಾಯ ನಡೆಯುವುದು ಕಷ್ಟ. ಜಾಲತಾಣವನ್ನೇ ಸುತ್ತಿ ಕಳುಹಿಸಿದ ಆ್ಯಪನ್ನು, ಆ್ಯಪೆನಿಸಿಕೊಳ್ಳುವಷ್ಟು ಸ್ವಂತದ್ದೇನೂ ಇದರಲ್ಲಿಲ್ಲವೆಂದು ತಿರಸ್ಕರಿಸುವ ನಿಯಮ ಆ್ಯಪಲ್ಲಿನಲ್ಲಿದೆ. ಸ್ಟೋರಿನ ನಿಯಮಗಳನ್ನು ವರ್ಷವರ್ಷ ಪಾಲಿಸುವ ಹೊರೆಯೂ ಅಂಗಿಯ ಜೊತೆಗೇ ಬರುತ್ತದೆ.

ನೇಟಿವ್ ಆ್ಯಪ್

ಹಾಲಿನ ಸೊಸೈಟಿಯವರಿಗೆ ನಾನು ಎರಡನೆಯ ಮಾತಿಲ್ಲದೆ ಇದನ್ನೇ ಹೇಳಿದೆ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದ ಮೂವತ್ತು ಜನ ಸಾಲು ನಿಂತಿರುತ್ತಾರೆ. ತೂಕದ ಯಂತ್ರ ಬ್ಲೂಟೂತಿನಲ್ಲಿ ಅಳತೆ ಕಳುಹಿಸುತ್ತದೆ, ಚೀಟಿ ಮುದ್ರಿಸುವ ಪುಟ್ಟ ಯಂತ್ರವೂ ಬ್ಲೂಟೂತಿನದೇ. ಆಂಡ್ರಾಯ್ಡಿನ ಕ್ರೋಮಿಗೆ ವೆಬ್ ಬ್ಲೂಟೂತ್ ಗೊತ್ತಿದೆಯಾದರೂ ಅದು ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಸಾಧನಗಳೊಂದಿಗೆ ಮಾತ್ರ ಮಾತಾಡುತ್ತದೆ. ಇವರಲ್ಲಿದ್ದದ್ದು ಹಳೆಯ ಬಗೆ. ಸಫಾರಿಗೂ ಫೈರ್‌ಫಾಕ್ಸಿಗೂ ವೆಬ್ ಬ್ಲೂಟೂತ್ ಗೊತ್ತೇ ಇಲ್ಲ. ಸಾಲಿನಲ್ಲಿ ಜನ ನಿಂತಿರುವಾಗ ಸಂಪರ್ಕ ಕಡಿದು ಮತ್ತೆ ಅನುಮತಿ ಕೇಳುವ ಪೆಟ್ಟಿಗೆ ತೆರೆಯ ಮೇಲೆ ಬಂದರೆ ಹಾಲು ಹಾಕುವವರು ಸಹಿಸುವುದಿಲ್ಲ.

ಶಾಲೆಯ ವ್ಯಾನಿನದ್ದು ಇನ್ನೊಂದು ಬಗೆ. ವ್ಯಾನು ಎಲ್ಲಿದೆಯೆಂದು ತಿಳಿಯಬೇಕಾದರೆ ಚಾಲಕನ ಫೋನು ಜೇಬಿನಲ್ಲಿ, ತೆರೆ ಆರಿಕೊಂಡು ಇದ್ದಾಗಲೂ ಜಾಗವನ್ನು ಹೇಳುತ್ತಿರಬೇಕು. ಪುಟ ಮುಚ್ಚಿದ ಮೇಲೆ ಜಾಗ ತಿಳಿದುಕೊಳ್ಳುವ ಅಧಿಕಾರವನ್ನು ಬ್ರೌಸರ್ ಕೊಡುವುದಿಲ್ಲ; ಕೊಡದಿರುವುದೇ ಸರಿ. ಅಪರಿಚಿತ ಪುಟವೊಂದು ನಮ್ಮನ್ನು ದಿನವಿಡೀ ಹಿಂಬಾಲಿಸುವುದನ್ನು ಯಾರು ಬಯಸುತ್ತಾರೆ? ಹಾಗಾಗಿ ಚಾಲಕನಿಗೆ ನೇಟಿವ್ ಆ್ಯಪ್ ಬೇಕು. ಆದರೆ ನೋಡುವ ತಂದೆತಾಯಂದಿರಿಗೆ ಅದು ಬೇಡ, ಅವರಿಗೆ ಕೊಂಡಿಯೊಂದನ್ನು ಕಳುಹಿಸಿದರೆ ಬ್ರೌಸರಿನಲ್ಲೇ ನಕ್ಷೆ ತೆರೆಯುತ್ತದೆ. ಒಂದು ಫೋನಿಗೆ ಆ್ಯಪ್, ಉಳಿದವರಿಗೆಲ್ಲ ಪುಟ ಎಂಬ ಈ ಮಿಶ್ರಣದ ಬಗ್ಗೆ ಕಟ್ಟಿಸುವವರು ಯೋಚಿಸುವುದಿಲ್ಲ, ಕಟ್ಟುವವರು ತಾವಾಗಿ ಹೇಳುವುದೂ ಕಡಿಮೆ.

ಖರ್ಚನ್ನು ನೋಡೋಣ. ಪ್ಲೇ ಸ್ಟೋರಿಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ಆ್ಯಪಲ್ಲಿಗೆ ವರ್ಷವರ್ಷವೂ 99 ಡಾಲರ್, ನಿಲ್ಲಿಸಿದರೆ ಆ್ಯಪ್ ಸ್ಟೋರಿನಿಂದ ಇಳಿಯುತ್ತದೆ. ಇದು ಚಿಲ್ಲರೆ, ದೊಡ್ಡದು ಕೆಲಸದ ಕೂಲಿ. ಆಂಡ್ರಾಯ್ಡಿಗೊಂದು ಐಫೋನಿಗೊಂದು ಎಂದು ಎರಡು ಸಲ ಬರೆಸುವ ಬದಲು ಫೇಸ್‌ಬುಕ್ ಹುಟ್ಟುಹಾಕಿದ ರಿಯಾಕ್ಟ್ ನೇಟಿವ್ ಅಥವಾ ಗೂಗಲ್ಲಿನ ಫ್ಲಟರ್ ಬಳಸಿ ಒಂದೇ ಸಲ ಬರೆಸಬಹುದು. ಫ್ಲಟರಿನಲ್ಲಿ ಬರೆದದ್ದನ್ನೇ ಜಾಲತಾಣವಾಗಿಯೂ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಮಾತ್ರ ಒಂದು ಕ್ಷಣ ತಡೆಯಿರಿ. ಅದು ಅಕ್ಷರಗಳನ್ನು ಚಿತ್ರದಂತೆ ತೆರೆಯ ಮೇಲೆ ತಾನೇ ಬಿಡಿಸುತ್ತದೆ. ಮೇಲೆ ಹೇಳಿದ ಹುಡುಕಾಟ, ನಕಲು, ಅನುವಾದ ಯಾವುದೂ ಅಲ್ಲಿ ಸಲೀಸಾಗಿ ಸಿಗುವುದಿಲ್ಲ.

ಗೇಟಿನ ಕಾವಲೂ ಈಚೆಗೆ ಬಿಗಿಯಾಗಿದೆ. 2023ರ ನವೆಂಬರ್ 13ರ ಅನಂತರ ವೈಯಕ್ತಿಕ ಹೆಸರಿನಲ್ಲಿ ತೆರೆದ ಪ್ಲೇ ಖಾತೆಯಾದರೆ, ಆ್ಯಪನ್ನು ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷೆಯಲ್ಲಿ ಇರಬೇಕು. ಆರಂಭದಲ್ಲಿ ಇದು 20 ಜನರಾಗಿತ್ತು. ಹನ್ನೆರಡು ಜನ ನಮ್ಮ ಸಂಘಗಳಿಗೆ ಕಷ್ಟವಲ್ಲ, ಕಾರ್ಯಕಾರಿ ಸಮಿತಿಯೇ ಸಾಕು. ಹದಿನಾಲ್ಕು ದಿನವೂ ಅವರೆಲ್ಲ ಆ್ಯಪನ್ನು ಅಳಿಸದೆ ಇರುವಂತೆ ನೋಡಿಕೊಳ್ಳುವುದೇ ಸಾಹಸ. ಇನ್ನು ಡಿಜಿಟಲ್ ವಸ್ತುಗಳನ್ನು, ಎಂದರೆ ಪಾಠದ ವೀಡಿಯೋ, ಧ್ವನಿಮುದ್ರಣ, ಚಂದಾ ಮುಂತಾದವನ್ನು ಆ್ಯಪಿನೊಳಗೆ ಮಾರುವುದಾದರೆ ಸ್ಟೋರಿಗೆ ಪಾಲು ಕೊಡಬೇಕು; ಸಣ್ಣವರಿಗೆ ಅದು ಸಾಮಾನ್ಯವಾಗಿ ನೂರಕ್ಕೆ 15. ಅಡಿಕೆ, ಹಪ್ಪಳ, ಪುಸ್ತಕ ಮಾರುವವರಿಗೆ ಈ ಪಾಲಿನ ಕಾಟವಿಲ್ಲ. ಶುಲ್ಕದ ತಕರಾರಿನಲ್ಲಿ 2024ರ ಮಾರ್ಚ್ ಮೊದಲ ವಾರ ಗೂಗಲ್ ನಮ್ಮ ದೇಶದ ಹೆಸರಾಂತ ಮದುವೆ ಮತ್ತು ಉದ್ಯೋಗ ಆ್ಯಪ್‌ಗಳನ್ನೇ ಸ್ಟೋರಿನಿಂದ ತೆಗೆದು, ಕೇಂದ್ರ ಸರಕಾರ ನಡುವೆ ಬಂದ ಮೇಲೆ ಮರಳಿ ಸೇರಿಸಿಕೊಂಡಿತು. ಆ ದಿನಗಳಲ್ಲೂ ಅವರ ಜಾಲತಾಣಗಳಿಗೆ ಸ್ಟೋರಿನ ತಡೆ ತಾಗಲಿಲ್ಲ.

ಆರನೆಯ ಅಳತೆಯಲ್ಲಿ ನೇಟಿವ್ ಆ್ಯಪ್ ಸೋಲುತ್ತದೆ. ಆಂಡ್ರಾಯ್ಡಿನ ಹೊಸ ಆವೃತ್ತಿಗಳಿಗೆ ತಕ್ಕಂತೆ ಆ್ಯಪನ್ನು ಕಾಲಕಾಲಕ್ಕೆ ತಿದ್ದಿ ಕಳುಹಿಸದಿದ್ದರೆ, ಹೊಸ ಫೋನು ಕೊಂಡವರಿಗೆ ಪ್ಲೇ ಸ್ಟೋರಿನಲ್ಲಿ ಅದು ಕಾಣುವುದೇ ನಿಲ್ಲುತ್ತದೆ. ಯಾರೂ ಏನನ್ನೂ ಕೆಡಿಸಿರುವುದಿಲ್ಲ, ಸುಮ್ಮನೆ ಬಿಟ್ಟದ್ದಷ್ಟೇ ತಪ್ಪು.

ವಾಟ್ಸ್ಆ್ಯಪಿನಲ್ಲಿ ಹಂಚುವ ಎಪಿಕೆ

ಸ್ಟೋರಿನ ಗೊಡವೆಯೇ ಬೇಡವೆಂದು ಆರೇಳು ವರ್ಷದ ಹಿಂದೆ ಭಜನಾ ಸಂಘವೊಂದಕ್ಕೆ ನಾನು ಎಪಿಕೆ ಮಾಡಿಕೊಟ್ಟು, ಅವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ಎಲ್ಲರೂ ಹಾಕಿಕೊಂಡರು, ಸಂತೋಷಪಟ್ಟರು. ಆ ಆ್ಯಪಿಗೆ ಡಿಜಿಟಲ್ ಸಹಿ ಹಾಕುವ ಕೀಲಿ ಕಡತ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ತುಲಾ ತಿಂಗಳ ಒಂದು ಸಂಜೆ, ಪ್ಲಗ್ಗು ಕೀಳಲು ಮರೆತಿದ್ದಾಗ ಸಿಡಿಲು ಬಂತು; ಲ್ಯಾಪ್‌ಟಾಪು ಹೋಯಿತು, ಡಿಸ್ಕೂ ಹೋಯಿತು. ಅದೇ ಕೀಲಿಯ ಸಹಿ ಇಲ್ಲದ ಹೊಸ ಆವೃತ್ತಿಯನ್ನು ಆಂಡ್ರಾಯ್ಡ್ ಹಳೆಯದರ ಮೇಲೆ ಕೂರಲು ಬಿಡುವುದಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ, ಹಳೆಯದನ್ನು ಅಳಿಸಿ ಹೊಸತು ಹಾಕಿಕೊಳ್ಳಿ ಎಂದು ಹೇಳಬೇಕಾಯಿತು. ಅರ್ಧದಷ್ಟು ಜನ ಅಳಿಸಿದರು, ಹೊಸತು ಹಾಕಿಕೊಳ್ಳಲಿಲ್ಲ. ಮದುವೆಯ ಆಮಂತ್ರಣದ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ ಎಪಿಕೆ ಕಳುಹಿಸಿ ಖಾತೆ ದೋಚುವವರು ಹೆಚ್ಚಿರುವ ಈ ಕಾಲದಲ್ಲಿ, ವಾಟ್ಸ್ಆ್ಯಪಿನಲ್ಲಿ ಬಂದ ಎಪಿಕೆಯನ್ನು ಒತ್ತುವ ಅಭ್ಯಾಸವನ್ನು ಊರಿನವರಿಗೆ ನಾವೇ ಕಲಿಸುವುದೂ ತಪ್ಪೆಂದು ನನಗೆ ಈಗ ಅನಿಸುತ್ತದೆ.

ಯಾರಿಗೆ ಯಾವುದು

ವರ್ಷಕ್ಕೆ ಒಂದೆರಡು ಸಾವಿರಕ್ಕಿಂತ ಹೆಚ್ಚು ಹಾಕಲಾಗದ ಸಂಘ ಬರಿಯ ಜಾಲತಾಣದಲ್ಲೇ ನಿಲ್ಲಲಿ. ಸುದ್ದಿ ಮುಟ್ಟಿಸಲು ಈಗಿರುವ ವಾಟ್ಸ್ಆ್ಯಪ್ ಗುಂಪು ಇದೆಯಲ್ಲ. ಜನ ವಾರಕ್ಕೆ ಮೂರು ನಾಲ್ಕು ಸಲ ತೆರೆದು ನೋಡುವ ವಿಷಯವಿದ್ದರೆ, ದರವೋ ದಿನಾಂಕವೋ ಖಾತೆಯೋ, ಅಂಥವರು ವೆಬ್ ಆ್ಯಪಿಗೆ ಹೋಗುವುದು ಲೇಸು. ನನ್ನ ಅಂಗಡಿಯ ಲೆಕ್ಕದಲ್ಲಿ ಬರಿಯ ಜಾಲತಾಣಕ್ಕಿಂತ ಅದರ ಕೂಲಿ ಸುಮಾರು ಎರಡು ಪಟ್ಟು, ನೇಟಿವಿನ ಅರ್ಧಕ್ಕಿಂತ ಕಡಿಮೆ. ಬಳಸುವವರು ಫೋನನ್ನು ಯಂತ್ರಕ್ಕೆ ಜೋಡಿಸುವ ಕೆಲಸಗಾರರಾಗಿದ್ದರೆ, ಫೋನು ಮಲಗಿದ್ದಾಗಲೂ ಕೆಲಸ ನಡೆಯಬೇಕಾಗಿದ್ದರೆ, ದಿನವಿಡೀ ರೇಂಜಿಲ್ಲದಲ್ಲಿ ಹಣದ ಲೆಕ್ಕ ಬರೆಯುವುದಿದ್ದರೆ ನೇಟಿವ್ ಬಿಟ್ಟು ಬೇರೆ ದಾರಿಯಿಲ್ಲ. ಆಗ ಮೊದಲ ಖರ್ಚಿನ ಜೊತೆಗೆ ಪ್ರತಿವರ್ಷದ ದುರಸ್ತಿಗೂ ಬಜೆಟಿನಲ್ಲಿ ಸಾಲೊಂದನ್ನು ಬರೆದಿಡಬೇಕು. ಎರಡರ ನಡುವೆ ತೂಗಾಡುವವರು ವೆಬ್ ಆ್ಯಪಿನಿಂದ ಆರಂಭಿಸಿದರೆ ನಷ್ಟವಿಲ್ಲ, ಯಾಕೆಂದರೆ ಸರ್ವರಿನ ಕೆಲಸ ಎರಡಕ್ಕೂ ಒಂದೇ. ಮುಂದೆ ಕವಚ ತೊಡಿಸಬಹುದು, ಒಂದು ಭಾಗವನ್ನಷ್ಟೇ ನೇಟಿವ್ ಮಾಡಿಸಲೂಬಹುದು. ನೇಟಿವಿನಿಂದ ಆರಂಭಿಸಿದವರಿಗೆ ಹಿಂದಿರುಗುವಾಗ ಮುಂಭಾಗವನ್ನೆಲ್ಲ ಹೊಸದಾಗಿ ಬರೆಸಬೇಕು.

ತಾಳಮದ್ದಳೆ ಸಂಘದವರು ವೆಬ್ ಆ್ಯಪನ್ನೇ ಆರಿಸಿಕೊಂಡರು. ಹಳೆಯ ಕೂಟಗಳ ಧ್ವನಿಮುದ್ರಣಗಳಲ್ಲಿ ಕೇಳುವವರು ಆಯ್ದುಕೊಂಡದ್ದು ಮಾತ್ರ ಫೋನಿನಲ್ಲಿ ಉಳಿಯುವಂತೆ ಮಾಡಿದ್ದೇನೆ. ಐದು ಗಂಟೆಯ ಕೂಟ ಒಂದೊಂದೂ ತಾನಾಗಿ ಇಳಿಯತೊಡಗಿದರೆ ಯಾರ ಸ್ಟೋರೇಜೂ ಸಾಲದು. ಮಾಷ್ಟ್ರು ನನಗೆ ಹಣ ಕೊಡುವ ಮೊದಲು ಸಮಿತಿಯ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಡೊಮೇನ್ ಯಾರ ಹೆಸರಿನಲ್ಲಿದೆ, ಖಾತೆಗಳಿಗೆ ಸಂಘದ ಇಮೇಲ್ ಕೊಟ್ಟಿದ್ದೀಯೋ ನಿನ್ನದೋ, ಕೋಡಿನ ಪ್ರತಿ ನಮ್ಮ ಕೈಗೆ ಯಾವಾಗ ಬರುತ್ತದೆ, ನೀನು ಇಲ್ಲದಿದ್ದರೆ ಇನ್ನೊಬ್ಬನಿಗೆ ಇದನ್ನು ತಿದ್ದಲು ಸಾಧ್ಯವೇ. ನೀವು ಯಾರಿಂದ ಏನನ್ನೇ ಕಟ್ಟಿಸಿದರೂ, ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಬರುವ ತನಕ ಮುಂಗಡ ಕೊಡಬೇಡಿ.